ತಳಾ ಹಿಡೀತೇನು?

ಹೋದ ಬೇಸಿಗೆಯಲ್ಲಿ ಅವ್ವ ಮಾಡಿ ಕಳಿಸಿದ್ದ 12 ಕಿಲೋ ಕುರುಡಿಗಿ ಅಷ್ಟೂ ವಾಪಸ್ ಬಂತು. ವಿಜಯಪುರದ ಒಂದು ಅಂಗಡಿಗೆ ಕೊಟ್ಟಿದ್ದೆವು. "ಒಂದು ಬೆಳ್ಳಗ ಅದ, ಒಂದು ಕಂದ ಅದ. ಹಳೇ ಮಾಲ ಕೂಡಿಸೀರೇನು ಅಂತ ಗಿರಾಕಿ ಕೇಳ್ತಾರ್ರೀ" ಎಂದರು ಅಂಗಡಿಯವರು. ನಾನು ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಅಲ್ಲೇ ಕೂತಿದ್ದಳು. ಅವಳ ಕೈ ಒಂದು ಗಳಿಗೆ ನಿಂತಿತು, ಮತ್ತೆ ಶುರುವಾಯಿತು. ರಾತ್ರಿ ಉಣ್ಣುವಾಗ ಮಾತ್ರ ಒಂದು ಮಾತು ಆಡಿದಳು: "ನನ್ನ ಕೈ ಕೆಟ್ಟೈತಿ. ಇನ್ನ ಮಾಡೂದು ಬ್ಯಾಡ."

ಕಿಲೋಕ್ಕೆ 280ರಂತೆ 3,360 ರೂಪಾಯಿ. ಅದು ಹೋದದ್ದು ಹೋಯಿತು. ಆದರೆ 'ಹಳೇ ಮಾಲು' ಎಂಬ ಮಾತು ಅವಳಿಗೆ ತಾಗಿತ್ತು. ಸಿಂದಗಿ ತಾಲೂಕಿನ ನಮ್ಮೂರಲ್ಲಿ ಮದುವೆ ಇದ್ದ ಮನೆಯವರು ಶಂಡಿಗಿ, ಕುರುಡಿಗಿಗೆ ಕೈ ಹಾಕುವ ಮುಂಚೆ ಅವ್ವನನ್ನು ಕರೆಯುತ್ತಿದ್ದರು. ಅವಳು ಹೋಗಿ ಡಬರಿಯಲ್ಲಿ ಬೆರಳು ಇಳಿಸಿ 'ಹೂಂ' ಅಂದರೇ ಒಲೆ ಹೊತ್ತುತ್ತಿತ್ತು.

ಬೆಂಗಳೂರು, ಮೈಸೂರು ಕಡೆಯ ಗೆಳೆಯರಿಗೆ ಕುರುಡಿಗಿ ಗೊತ್ತಿರಲಿಕ್ಕಿಲ್ಲ. ನೋಡಲು ಶಾವಿಗೆಯ ಗೂಡಿನ ಹಾಗೆ, ಎಣ್ಣೆಗೆ ಬಿಟ್ಟರೆ ಅರಳಿ ಬೆಳ್ಳಗೆ ಹೂವಾಗುತ್ತದೆ. ಹೋಳಿಗೆ ಊಟದ ಎಲೆಯ ಅಂಚಿಗೆ ಅದು ಇಲ್ಲದಿದ್ದರೆ ನಮ್ಮ ಕಡೆ ಬೀಗರು ಮಾತಾಡುತ್ತಾರೆ. ಮಾಡುವುದು ಗೋದಿಯಿಂದ, ಆದರೆ ಗೋದಿ ಹಿಟ್ಟಿನಿಂದ ಅಲ್ಲ. ಹಸನು ಮಾಡಿದ ಗೋದಿಯನ್ನು ಮೂರು ದಿನ ನೆನೆಹಾಕಬೇಕು. ಯುಗಾದಿ ಮುಗಿದ ಮೇಲಿನ ಬಿಸಿಲಿನಲ್ಲಿ ದಿನಕ್ಕೆ ಎರಡು ಸಲ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಎರಡನೇ ದಿನ ಸಣ್ಣ ಗುಳ್ಳೆ ಏಳುತ್ತವೆ, ಹುಳಿ ವಾಸನೆ ಬರುತ್ತದೆ. ಮೂರನೇ ದಿನ ಕಾಳನ್ನು ಹಿಚುಕಿದರೆ ಹಾಲು ಹೊರಬಂದು ಸಿಪ್ಪೆ ಬೆರಳಲ್ಲಿ ಉಳಿಯಬೇಕು. ಆಗ ಒರಳಿಗೆ ಹಾಕಿ ರುಬ್ಬಿ, ನೀರು ಬೆರೆಸಿ, ಹಳೇ ಧೋತರದ ಬಟ್ಟೆಯಲ್ಲಿ ಸೋಸುವುದು. ಹೊಟ್ಟು ಎಮ್ಮೆಗೆ, ಹಾಲು ಡಬರಿಗೆ. ರಾತ್ರಿಯಿಡೀ ಯಾರೂ ಅದನ್ನು ಮುಟ್ಟಬಾರದು. ಬೆಳಿಗ್ಗೆ ನೋಡಿದರೆ ಮೇಲೆ ತಿಳಿ ಹಳದಿ ನೀರು, ತಳದಲ್ಲಿ ಬಿಳಿ ಗಟ್ಟಿ. ನೀರು ಬಸಿದು, ಗಟ್ಟಿಯನ್ನು ಉಪ್ಪು, ಇಂಗು ಹಾಕಿದ ಕುದಿನೀರಿಗೆ ತಿರುವುತ್ತ ಬಿಟ್ಟು, ಗಾಜಿನ ಹಾಗೆ ಹೊಳೆಯುವ ತನಕ ಬೇಯಿಸಿ, ಬಿಸಿ ಇರುವಾಗಲೇ ಚಕ್ಕಲಿ ಒರಳಿನಲ್ಲಿ ಒತ್ತಿ ಮಾಳಗಿ ಮೇಲೆ ಒಣಹಾಕುವುದು. ಬೇಯಿಸಿದ್ದರಲ್ಲಿ ಒಂದಿಷ್ಟು ಮಕ್ಕಳ ಹೊಟ್ಟೆಗೆ ಹೋಗುವುದೂ ಲೆಕ್ಕದಲ್ಲೇ ಇರುತ್ತದೆ.

ಇದು ನಮ್ಮದೇ ವಿದ್ಯೆ ಎಂದುಕೊಂಡಿದ್ದೆ. ಆದರೆ 2,100 ವರ್ಷಕ್ಕೂ ಹಿಂದೆ ರೋಮಿನ ಕೇಟೋ ಎಂಬುವನು ಬೇಸಾಯದ ಬಗ್ಗೆ ಬರೆದ ಪುಸ್ತಕದಲ್ಲಿ ಹೆಚ್ಚುಕಡಿಮೆ ಇದೇ ಕೆಲಸ ಇದೆ. ಗೋದಿಗೆ ದಿನಕ್ಕೆರಡು ಸಲ ನೀರು ಹಾಕಬೇಕು, ಹತ್ತನೇ ದಿನ ಹಿಂಡಿ ದ್ರಾಕ್ಷಾರಸದ ತಳದ ಗಸಿಯಷ್ಟು ಹದಕ್ಕೆ ತರಬೇಕು, ಹೊಸ ಬಟ್ಟೆಯಲ್ಲಿ ಹಾಲು ಹಿಂಡಿ ಬಿಸಿಲಿಗೆ ಇಡಬೇಕು ಅನ್ನುತ್ತಾನೆ. ನಮಗೆ ಮೂರು ದಿನ ಸಾಕಾಗುವುದಕ್ಕೆ 40 ಡಿಗ್ರಿ ದಾಟುವ ನಮ್ಮ ಬಿಸಿಲೇ ಕಾರಣ ಇರಬೇಕು. ಅವ್ವನಿಗೆ ಇದನ್ನು ಓದಿ ಹೇಳಿದೆ. "ಹತ್ತ ದಿನಾ ಇಟ್ರ ಓಣ್ಯಾಗ ಯಾರರ ಇರ್ತಾರೇನು?" ಅಂದಳು. ವಾಸನೆ ಬಗ್ಗೆ.

ವಾಪಸ್ ಬಂದ 12 ಕಿಲೋವನ್ನು ಮೂರು ಸಲ ಮಾಡಿದ್ದೆವು, ಒಂದೊಂದು ಸಲಕ್ಕೆ 4 ಕಿಲೋ. ಮೊದಲನೆಯದು, ಮೂರನೆಯದು ಬೆಳ್ಳಗಿದ್ದವು. ಎರಡನೆಯದು ಮಾತ್ರ ಕಂದಾಗಿತ್ತು, ಮುಟ್ಟಿದರೆ ಪುಡಿ. ಪಾಕೀಟು ತುಂಬುವಾಗ ಮೂರೂ ಕೂಡಿಬಿಟ್ಟವು. ಆ ಎರಡನೇ ಸಲ ಗೋದಿ ನೆನೆದಿದ್ದಾಗ ಅವ್ವ ಎರಡು ದಿನ ಊರಲ್ಲಿ ಇರಲಿಲ್ಲ. ಅದರ ಮಾತು ಆಮೇಲೆ ಬರುತ್ತದೆ.

ಈ ವರ್ಷ ಯುಗಾದಿ ಕಳೆದ ಮೇಲೆ ಸಿಂದಗಿಯ ಪೇಟೆಯಲ್ಲಿ ಒಂದೇ ಚೀಲದಿಂದ ಲೋಕವನ ಗೋದಿ 8 ಕಿಲೋ ತಂದು ನಾಲ್ಕು ಪಾಲು ಮಾಡಿದೆ. (ಗುಜರಾತಿನ ಸಣೋಸರಾದ ಲೋಕಭಾರತಿ ಸಂಸ್ಥೆಯಿಂದ ಬಂದ ಲೋಕ್-1 ತಳಿಗೆ ನಮ್ಮ ಪೇಟೆಯಲ್ಲಿರುವ ಹೆಸರು ಲೋಕವನ.) ಒಂದು ಪಾಲು ಮನೆಗೆ, ಒಂದು ಇಂಡಿ ಕಡೆ ಕೊಟ್ಟ ಅಕ್ಕನಿಗೆ, ಒಂದು ಬಸವನ ಬಾಗೇವಾಡಿಯ ಅತ್ತಿಗೆ, ಒಂದು ಮುದ್ದೇಬಿಹಾಳದ ಚಿಗವ್ವನಿಗೆ. ಒಂದೇ ಗೋದಿ, ನಾಲ್ಕು ನೀರು, ನಾಲ್ಕು ಕೈ. ತಳ ಹೇಗೆ ಕೂಡುತ್ತದೆ ನೋಡೋಣ, ಬರೆಯಲು ಆಗುತ್ತದೆ ಎಂದು ಮನೆಯಲ್ಲಿ ಹೇಳಿದೆ. ಪ್ರತಿ ಮನೆಯ ಹಾಲನ್ನು ಒಂದು ಗಾಜಿನ ಬಾಟಲಿಗೆ ತುಂಬಿ ರಾತ್ರಿ ಇಟ್ಟು ಬೆಳಿಗ್ಗೆ ಫೋಟೊ ತೆಗೆಯುವುದು ನನ್ನ ಯೋಜನೆ. ಡಬರಿಯಲ್ಲಿ ತಳ ಕಾಣುವುದಿಲ್ಲ, ಬೆರಳಿಗಷ್ಟೇ ಗೊತ್ತಾಗುತ್ತದೆ. ಆ ಬೆರಳು ನನಗಿಲ್ಲ.

ಅಕ್ಕನದು ಭೀಮೆಯ ಕಡೆಯ ಊರು, ನಿಂಬೆ ತೋಟ, ಬೋರಿನ ನೀರು. ಆ ನೀರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಸೋಲಾಪುರ ಹತ್ತಿರವಾದ್ದರಿಂದ ಮಾತಿನಲ್ಲಿ ಮರಾಠಿ ಬೆರೆತಿದೆ, ಗಟ್ಟಿ ಹಾಲಿಗೆ ಅಲ್ಲಿ ಚೀಕ ಅನ್ನುತ್ತಾರೆ. ಸವಳು ನೀರಲ್ಲಿ ಎಲ್ಲ ಕೆಟ್ಟುಹೋಗುತ್ತದೆ ಎಂದುಕೊಂಡು ಹೋಗಿದ್ದೆ. ಆದದ್ದು ತಿರುವುಮುರುವು. ಸಂಜೆ ಆರಕ್ಕೆ ಇಟ್ಟ ಬಾಟಲಿಯಲ್ಲಿ ರಾತ್ರಿ ಹತ್ತಕ್ಕೆಲ್ಲ ಅರ್ಧ ನೀರು ತಿಳಿಯಾಗಿತ್ತು. ಬೆಳಿಗ್ಗೆ ಬಾಟಲಿ ವಾಲಿಸಿದರೂ ತಳ ಅಲ್ಲಾಡಲಿಲ್ಲ, ಚಮಚೆ ಹಾಕಿ ಕೆರೆದು ತೆಗೆಯಬೇಕಾಯಿತು. ಉಪ್ಪಿನಂಶ ಇರುವ ನೀರಿನಲ್ಲಿ ಸಣ್ಣ ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ ಬೇಗ ಕೆಳಗಿಳಿಯುತ್ತವೆ. ನದಿಯ ರಾಡಿ ಸಮುದ್ರ ಸೇರುವ ಕಡೆ ತಳ ಹಿಡಿಯುವುದೂ ಹೀಗೇ. ಹಾಗೆಂದು ಅಕ್ಕನಿಗೆ ಹೇಳಿದಾಗ ಅವಳಿಗೆ ಭಾರಿ ಖುಷಿಯಾಯಿತು. ಮದುವೆಯಾಗಿ ಹೋದಾಗಿನಿಂದ ಆ ನೀರಿನ ಬಗ್ಗೆ ಒಳ್ಳೆಯ ಮಾತು ಕೇಳಿರಲೇ ಇಲ್ಲವಂತೆ.

ಬಾಗೇವಾಡಿಯಲ್ಲಿ ಅತ್ತಿ ನನ್ನ ಗೋದಿಯನ್ನು ಅಂಗೈಯಲ್ಲಿ ಹಿಡಿದು ನೋಡಿ, "ಇದನ್ನ ದನಕ್ಕ ಹಾಕಿ ಹೋಗು" ಅಂದಳು. ಅವಳ ಮನೆಯಲ್ಲಿ ಆಗುವುದು ಜವೆ ಗೋದಿಯಿಂದ. ಖಪ್ಲಿ, ಸದಕ ಎಂದೂ ಇದಕ್ಕೆ ಹೆಸರಿದೆ. ಕಾಳಿಗೆ ಬಿಗಿಯಾಗಿ ಸಿಪ್ಪೆ ಕಟ್ಟಿಕೊಂಡಿರುವ ಹಳೇ ಗೋದಿ, ಕುಟ್ಟದೆ ಬಿಡಿಸಲಾಗದು. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಇದರಲ್ಲೇ ಡಿಡಿಕೆ-1025, ಡಿಡಿಕೆ-1029ರಂಥ ಗಿಡ್ಡ ತಳಿ ಕೊಟ್ಟಿದ್ದಾರೆ. ಅತ್ತಿಗೆ ಅದೂ ಬೇಡ, ಅವಳದು ಅವಳ ಅತ್ತೆಯ ಕಾಲದ ಬೀಜವಂತೆ. "ಅತ್ತೀ, ಒಂದೇ ಗೋದಿ ಇರಬೇಕು, ಇಲ್ಲಂದ್ರ ನನ್ನ ಲೆಕ್ಕ ಕೆಡ್ತದ" ಎಂದು ಹೇಳಿ ನೋಡಿದೆ. "ನಿನ್ನ ಲೆಕ್ಕ ನೀ ನೋಡ್ಕೋ, ನನ್ನ ಕುರುಡಿಗಿ ನಾ ನೋಡ್ಕೋತೀನಿ." ಅಲ್ಲಿಗೆ ನನ್ನ ಪ್ರಯೋಗದ ಕಾಲು ಭಾಗ ಮುಗಿಯಿತು.

ಆದರೂ ಅವಳ ಬಾಟಲಿಯೇ ನೋಡಲು ಎಲ್ಲಕ್ಕಿಂತ ಚಂದ ಇತ್ತು. ತಳದಲ್ಲಿ ಸುಣ್ಣದಂಥ ಬಿಳುಪು, ಅದರ ಮೇಲೆ ಎರಡು ಬೆರಳು ದಪ್ಪ ಕೆನೆಹಳದಿ ಲೋಳೆ, ಮೇಲೆ ನೀರು. ಗೋದಿಯ ಹಾಲಿನಲ್ಲಿರುವ ಪಿಷ್ಟದ ಕಣಗಳು ಎರಡು ಬಗೆ. ದೊಡ್ಡವು ಬಿಲ್ಲೆಯಂತೆ ಚಪ್ಪಟೆ, 10 ಮೈಕ್ರಾನಿಗಿಂತ ಅಗಲ. ಸಣ್ಣವು ಗುಂಡಗೆ, ಅದಕ್ಕಿಂತ ಕಡಿಮೆ. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಕಣ ಎರಡು ಪಟ್ಟು ದೊಡ್ಡದಾದರೆ ನೀರಿನಲ್ಲಿ ನಾಲ್ಕು ಪಟ್ಟು ಬೇಗ ಇಳಿಯುತ್ತದೆ. ಹಾಗಾಗಿ ದೊಡ್ಡವು ಮೊದಲು ತಳ ಸೇರುತ್ತವೆ. ಸಣ್ಣವು, ಬಟ್ಟೆಯಲ್ಲಿ ನುಸುಳಿ ಬಂದ ಅಂಟು, ತೌಡಿನ ಪುಡಿ ಇವೆಲ್ಲ ಮೇಲೆ ಲೋಳೆಯಾಗಿ ಕೂಡುತ್ತವೆ. ಲೋಕವನದ ಅಂಟು ರಬ್ಬರಿನ ಹಾಗೆ ಎಳೆಯುತ್ತದೆ, ಬಟ್ಟೆಯ ಮೇಲೇ ಮುದ್ದೆಯಾಗಿ ಉಳಿಯುತ್ತದೆ. ಜವೆಯ ಅಂಟಿಗೆ ಅಷ್ಟು ಜಿಗಿ ಇಲ್ಲ, ಒಡೆದು ಹಾಲಿನ ಜೊತೆಗೆ ಬಂದುಬಿಡುತ್ತದೆ. ಅತ್ತಿಯ ದಪ್ಪ ಲೋಳೆಗೆ ಅದೇ ಕಾರಣ ಎಂದು ನನ್ನ ಅಂದಾಜು. ಅವಳು ಅದನ್ನು ಚೆಲ್ಲುವುದಿಲ್ಲ. ಹುಷಾರಾಗಿ ಬೇರೆ ಬೋಗುಣಿಗೆ ಬಸಿದು, ಜೋಳದ ಹಿಟ್ಟು ಬೆರೆಸಿ ದೋಸೆ ಹಾಕಿಕೊಟ್ಟಳು. ಹುಳಿ ದೋಸೆ, ಮೇಲೆ ಶೇಂಗಾ ಚಟ್ನಿ. ನಾಲ್ಕು ತಿಂದೆ.

ಅವಳಲ್ಲಿ ಇನ್ನೂ ಒಂದು ಮಾತು ಕಲಿತೆ. ಅತ್ತಿ ರುಬ್ಬುವುದು ಕಲ್ಲಿನ ಒರಳಲ್ಲಿ, ಕಾಳು ಹಿಸುಕಿದಷ್ಟೇ, ಅರೆಯುವುದಿಲ್ಲ. ಮಿಕ್ಸರಿನ ಬ್ಲೇಡು ಸಿಪ್ಪೆಯನ್ನೂ ಕತ್ತರಿಸುತ್ತದೆ, ಆ ಚೂರು ಬಟ್ಟೆ ದಾಟಿ ಬಂದು ಗಟ್ಟಿಯನ್ನು ಮಸಕು ಮಾಡುತ್ತವೆ. ಜಾರು ಬಿಸಿಯಾದರೆ ಪೆಟ್ಟು ತಿಂದ ಪಿಷ್ಟ ನೀರು ಕುಡಿದು ಉಬ್ಬಿ, ಇಳಿಯದೆ ತೇಲುತ್ತದೆ. ನಮ್ಮ ಮನೆಗೆ ಮಿಕ್ಸರ್ ತಂದವಳು ನಾನೇ. ಎರಡನೇ ಸಲದ ಕುರುಡಿಗಿ ಕೆಟ್ಟದ್ದಕ್ಕೆ ಕಾರಣ ಇದೇ ಇರಬೇಕು ಎಂದು ಅಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ, ಕೆಳಗೆ ಎರಡು ಗೆರೆಯನ್ನೂ ಎಳೆದೆ. ಮೂರೂ ಸಲ ಅದೇ ಮಿಕ್ಸರಿನಲ್ಲಿ ರುಬ್ಬಿದ್ದೆವು ಎಂಬುದು ನೆನಪಿಗೆ ಬರಲಿಲ್ಲ. ಬರಗೊಡಲಿಲ್ಲ ಎಂದರೆ ಸರಿ.

ಕೊನೆಗೆ ಮುದ್ದೇಬಿಹಾಳ. ಚಿಗವ್ವನ ಓಣಿಯಲ್ಲಿ ಆ ವಾರ ನಲ್ಲಿ ನೀರು ಬಂದಿರಲಿಲ್ಲ. ಡೋಣಿ ಹರಿದರೆ ಓಣಿಯೆಲ್ಲ ಕಾಳು ಎಂದು ಹೇಳುವ ಸೀಮೆ ಅದು. ಕಾಳಿಗೇನೋ ಕೊರತೆ ಇಲ್ಲ, ಆ ನದಿಯ ನೀರನ್ನು ಮಾತ್ರ ಬಾಯಿಗೆ ಹಾಕಲಾಗದು, ಅಷ್ಟು ಸವಳು. ಇದ್ದ ಎರಡು ಕೊಡವನ್ನು ಕುಡಿಯಲು ಇಟ್ಟುಕೊಂಡು ಚಿಗವ್ವ ಗೋದಿಯ ನೀರನ್ನು ಒಂದೂವರೆ ದಿನ ಬದಲಿಸಿರಲಿಲ್ಲ. "ಏನ್ ಮಾಡ್ಲಿ ಯವ್ವಾ, ಮನ್ಯಾಗಿನ ಮಂದಿ ಕುಡೀಲೋ, ಗೋದಿ ಕುಡೀಲೋ?" ಎಂದು ನಾಚಿಕೊಂಡೇ ಡಬರಿಯ ಮುಚ್ಚಳ ತೆಗೆದಳು. ಮೇಲೆ ಬೂದುಬಣ್ಣದ ನೊರೆ. ಮರುದಿನ ರುಬ್ಬಿ, ಸೋಸಿ, ಬಾಟಲಿ ತುಂಬಿದೆ. ಬೆಳಿಗ್ಗೆ ತಳ ಕೂತಿರಲಿಲ್ಲ. ಕೂತಂತೆ ಕಂಡದ್ದು ಮುಟ್ಟಿದರೆ ಮೊಸರಿನ ಹಾಗೆ ಅಲುಗಾಡಿತು. ಒಳಗಿನಿಂದ ಒಂದೊಂದೇ ಗುಳ್ಳೆ ಎದ್ದು, ಕೂತದ್ದನ್ನೂ ಮೇಲಕ್ಕೆ ಎಬ್ಬಿಸುತ್ತಿತ್ತು. ನೀರು ತಿಳಿಯಾಗದೆ ಕಲಗಚ್ಚಿನ ಹಾಗಿತ್ತು.

ಆ ತಳವನ್ನು ನಾನು ಮೊದಲೇ ನೋಡಿದ್ದೆ.

ಹೋದ ವರ್ಷ ಎರಡನೇ ಸಲದ ಗೋದಿ ನೆನೆಹಾಕಿದ ಮರುದಿನ, ಅಕ್ಕನ ಮಗುವಿಗೆ ಜ್ವರ ಎಂದು ಅವ್ವ ಇಂಡಿ ಬಸ್ ಹತ್ತಿದಳು. "ಮುಂಜಾನೆ ಒಮ್ಮೆ, ಸಂಜೀಕ ಒಮ್ಮೆ ನೀರ ಚೆಲ್ಲು, ಮರೀಬ್ಯಾಡ" ಎಂದು ಎರಡು ಸಲ ಹೇಳಿ ಹೋಗಿದ್ದಳು. ಆವತ್ತು ಸಂಜೆ ಬದಲಿಸಿದೆ. ಮರುದಿನ ಬೆಳಿಗ್ಗೆಯೇ ಗ್ರಾಮಸಭೆಯ ವರದಿಗೆಂದು ಹೊರಟವಳು ರಾತ್ರಿ ಬಂದು, ಸುದ್ದಿ ಬರೆದು ಕಳಿಸಿ ಮಲಗಿದೆ. ಆ ಸುದ್ದಿಯೂ ಪ್ರಕಟವಾಗಲಿಲ್ಲ, ಅದಿರಲಿ. ಮುಚ್ಚಳ ತೆಗೆದದ್ದು ಅದರ ಮರುದಿನ ಬೆಳಿಗ್ಗೆ. ಇದೇ ಬೂದು ನೊರೆ, ಇದೇ ವಾಸನೆ. ಐದು ಸಲ ತೊಳೆದೆ. ಮಧ್ಯಾಹ್ನ ಅವ್ವ ಬಂದು ಮೂಸಿ ನೋಡಿ, "ಬಿಸಲ ಭಾಳ ಆಗೇತಿ ನೋಡು, ಬಲ್ಲೆ ಹುಳಿ ಏರೈತಿ" ಅಂದಳು. ನಾನು "ಹೂಂ" ಅಂದೆ.

ಮರೆತಿರಲಿಲ್ಲ. ಒಂದು ವರ್ಷ ಆ 'ಹೂಂ' ನನ್ನ ಹತ್ತಿರವೇ ಇತ್ತು. ಗೋದಿ ಚೀಲ ಹೊತ್ತು ನಾಲ್ಕು ತಾಲೂಕು ತಿರುಗಿದ್ದು ಬೇರೆ ಯಾವುದಾದರೂ ಕಾರಣ ಸಿಗಲಿ ಅಂತ. ನೀರಿನದೋ, ತಳಿಯದೋ, ಮಿಕ್ಸರಿನದೋ. ಎಲ್ಲವೂ ಸ್ವಲ್ಪ ಸ್ವಲ್ಪ ಸಿಕ್ಕವು ಕೂಡ. ಆದರೆ ಅವು ಯಾವುವೂ ತಳವನ್ನು ಹೀಗೆ ಮಾಡಿರಲಿಲ್ಲ.

ಬಾಟಲಿಗಳನ್ನು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದು ನಮ್ಮ ಮನೆಯ ಬಾಟಲಿಯ ಪಕ್ಕ ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ದಾರಿಯ ಕುಲುಕಾಟಕ್ಕೆ ಎಲ್ಲ ಕದಡಿದ್ದವು, ರಾತ್ರಿ ಕಳೆದು ಮತ್ತೆ ಕೂತವು. ಮುದ್ದೇಬಿಹಾಳದ್ದು ಆಗಲೂ ಕೂರಲಿಲ್ಲ. ಆ ವಾರ ನನ್ನ ಜೊತೆ ಓದಿದ ಗೆಳೆಯನೊಬ್ಬ ಊರಿಗೆ ಬಂದಿದ್ದ. ಪತ್ರಿಕೆ ಕೆಲಸ ಬಿಟ್ಟು ಈಗ ಬೆಂಗಳೂರಿನಲ್ಲಿ ಬಿಯರ್ ಅನ್ನು ತಾವೇ ತಯಾರಿಸುವ ಒಂದು ಪಬ್ಬಿನಲ್ಲಿದ್ದಾನೆ. ಕಿಟಕಿ ನೋಡಿದವನೇ ನಗಲು ಶುರುಮಾಡಿದ. ಅವರಲ್ಲೂ ಗೋದಿಯ ಬಿಯರ್ ಒಂದೊಂದು ಸಲ ಒಂದೊಂದು ಥರ ತಳ ಹಿಡಿಯುತ್ತದಂತೆ. ಒಂದು ಸಲ ತಳ ಇಟ್ಟಿಗೆಯ ಹಾಗೆ ಗಟ್ಟಿ, ಇನ್ನೊಂದು ಸಲ ಹೊಗೆಯ ಹಾಗೆ ಎದ್ದುಬಿಡುತ್ತದೆ. ಈಸ್ಟ್ ಎಷ್ಟು ಹುರುಪಿನಲ್ಲಿತ್ತು, ಕೋಣೆ ಎಷ್ಟು ಬೆಚ್ಚಗಿತ್ತು, ಎಷ್ಟು ದಿನ ಬಿಟ್ಟರು, ಗೋದಿಯ ಪ್ರೋಟೀನ್ ಎಷ್ಟು ಎಂಬುದರ ಮೇಲೆ ಅದು ಹೋಗುತ್ತದೆ. ಜರ್ಮನಿಯಲ್ಲಿ ಇದಕ್ಕೆ ಹೆಫೆವೈಜನ್ ಅನ್ನುತ್ತಾರೆ. ಹೆಫೆ ಅಂದರೆ ಈಸ್ಟ್, ವೈಜನ್ ಅಂದರೆ ಗೋದಿ. ಮೊಳಕೆ ಬರಿಸಿ ಒಣಗಿಸಿದ ಕಾಳಿನಲ್ಲಿ ಕನಿಷ್ಠ ಅರ್ಧ ಗೋದಿ ಇರಬೇಕೆಂದು ಅಲ್ಲಿ ನಿಯಮ. ಬಾಟಲಿಯ ಕೊನೆಯ ಗುಟುಕನ್ನು ತಿರುವಿ, ತಳದ ಮಡ್ಡಿಯನ್ನು ಬೇಕೆಂದೇ ಎಬ್ಬಿಸಿ ಲೋಟಕ್ಕೆ ಹಾಕುತ್ತಾರಂತೆ.

ಅವ್ವ ಚಹಾ ತಂದವಳು ಅಲ್ಲೇ ನಿಂತು ಕೇಳಿಸಿಕೊಂಡಳು. "ಕದಡಿ ಕುಡೀತಾರ? ಹಂಗಿದ್ರ ತಳಾ ಹಿಡೀಲಿ ಅಂತ ಯಾಕ ಕಾಯ್ತಾರಪಾ?" ಅವನ ಹತ್ತಿರ ಉತ್ತರ ಇರಲಿಲ್ಲ.

ಆದರೆ ನಮ್ಮ ಕಂದು ಬಣ್ಣಕ್ಕೆ ಅವನ ಹತ್ತಿರ ಉತ್ತರ ಇತ್ತು. ಕಾಳಿನೊಳಗೇ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಇರುತ್ತದೆ. ಬಿಯರ್ ಮಾಡುವವರು ಮೊಳಕೆ ಬರಿಸಿ ಅದನ್ನು ಹೆಚ್ಚಿಸಿಕೊಳ್ಳುತ್ತಾರೆ, ಆ ಸಕ್ಕರೆಯೇ ಈಸ್ಟಿಗೆ ಊಟ. ಕುರುಡಿಗಿಗೆ ಬೇಕಾದದ್ದು ಸಕ್ಕರೆ ಅಲ್ಲ, ಗಟ್ಟಿ ಪಿಷ್ಟ. ನೆನೆದ ನೀರು ಬಿಸಿಲಲ್ಲಿ ಹಾಗೇ ನಿಂತರೆ ಕಿಣ್ವಕ್ಕೂ ಸೂಕ್ಷ್ಮಜೀವಿಗೂ ಸುಗ್ಗಿ. ಅಂಟು ಕರಗುತ್ತದೆ, ಪಿಷ್ಟ ಒಡೆದು ಸಕ್ಕರೆಯಾಗತೊಡಗುತ್ತದೆ, ಗಾಳಿ ಗುಳ್ಳೆ ತಳವನ್ನು ಎಬ್ಬಿಸುತ್ತದೆ. ಆ ಸಕ್ಕರೆಯೇ ಬೇಯಿಸುವಾಗ, ಕರಿಯುವಾಗ ಕಂದಾಗುತ್ತದೆ. "ನೀರು ಚೆಲ್ಲೋದು ಅಂದ್ರ ಅದನ್ನೆಲ್ಲ ಹೊರಗ ಹಾಕೋದು" ಎಂದ. "ಯಾರೋ ಇಲ್ಲಿ ನೀರು ಬದಲಿಸಿಲ್ಲ ನೋಡು" ಎಂದು ಕೊನೆಯ ಬಾಟಲಿ ತೋರಿಸಿದ.

"ಅದು ನನ್ನ ತಂಗೀದು. ನಲ್ಲಿ ಬಂದಿಲ್ಲ ಅವರಿಗೆ" ಅಂದಳು ಅವ್ವ, ತಂಗಿಯ ಪರವಾಗಿ.

ಅವನು ಹೋದ ಮೇಲೆ ಹೇಳಿದೆ. ಹೊಸ್ತಿಲ ಮೇಲೆ ಕೂತು, ಬಾಟಲಿ ಕೈಯಲ್ಲಿ ಹಿಡಿದು. ಬೇರೆ ಊರಿನ ಸುದ್ದಿ ಬರೆಯುವಾಗ ಯಾರು, ಏನು, ಯಾವಾಗ ಅಂತ ಮೊದಲ ಸಾಲಿಗೇ ಬರುತ್ತದೆ. ಇಲ್ಲಿ 'ನಾನು' ಅನ್ನುವುದಕ್ಕೆ ಬಹಳ ಹೊತ್ತು ಹಿಡಿಯಿತು. ಗ್ರಾಮಸಭೆ, ರಾತ್ರಿ ಬಸ್ ತಪ್ಪಿದ್ದು ಎಲ್ಲ ಸುತ್ತಿ ಬಂದು ಕೊನೆಗೆ ಹೇಳಿದೆ. ಅವ್ವ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಬಾಟಲಿ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ಅಂವಾ ಹಳೇ ಮಾಲ ಅಂದಾಗ ನೀ ಅಲ್ಲೇ ಇದ್ದಿ."

"ಇದ್ದೆ."

"ಆವಾಗರ ಹೇಳಬೇಕಿಲ್ಲ?"

ಇದಕ್ಕೆ ನನ್ನಲ್ಲಿ ಮಾತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ, "ಅದು ಎಷ್ಟ ರೊಕ್ಕ ಆತು?" ಅಂದಳು. ಹೇಳಿದೆ. "ಕೊಡು ಮತ್ತ" ಅಂದಳು. ನಗುತ್ತಾಳೇನೋ ಎಂದು ಮುಖ ನೋಡಿದೆ, ನಗುತ್ತಿರಲಿಲ್ಲ. ಎರಡು ಕಂತಿನಲ್ಲಿ ಕೊಟ್ಟೆ. ಎಣಿಸಿಯೇ ಇಟ್ಟುಕೊಂಡಳು.

ಅಂಗಡಿಯವರಿಗೂ ಫೋನ್ ಮಾಡಿ, ಮಾಲು ಹಳೆಯದಲ್ಲ, ತಪ್ಪು ನನ್ನದು, ಹೀಗೆ ಹೀಗೆ ಆಯಿತು ಎಂದು ಹೇಳಿದೆ. ಅವರಿಗೆ ಆ ಮಾತು ನೆನಪೇ ಇರಲಿಲ್ಲ. ಬೇಕಾದರೆ ಅರ್ಧ ಕಿಲೋ ಮಾದರಿಗೆ ಕಳಿಸಿರಿ, ನೋಡೋಣ ಅಂದರು.

ಈಗ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದೊಂದು ತಾರೀಖಿನ ಚೌಕದಲ್ಲೂ ಎರಡೆರಡು ಗೀಟು ಇವೆ. ಮುಂಜಾನೆಯದು ಅವ್ವನದು, ಸಂಜೆಯದು ನನ್ನದು. ನೀರು ಚೆಲ್ಲಿದ ಮೇಲೆಯೇ ಗೀಟು ಎಳೆಯಬೇಕು, ಮೊದಲೇ ಎಳೆಯಬಾರದು ಅಂತ ಅಪ್ಪಣೆ. 5 ಕಿಲೋ ಗೋದಿ ನಿನ್ನೆ ರುಬ್ಬಿದ್ದೇವೆ, ಒರಳಲ್ಲಿ. ನನ್ನ ರಟ್ಟೆ ಇನ್ನೂ ನೋಯುತ್ತಿದೆ. ಇವತ್ತು ಐದೂವರೆಗೆ ಮಾಳಗಿ ಮೇಲೆ ಹಳೇ ಸೀರೆ ಹಾಸುತ್ತಿದ್ದವಳು ಬೆಳಕಿಂಡಿಗೆ ಬಗ್ಗಿ ಕೂಗಿದಳು: "ತಳಾ ಹಿಡೀತೇನು?"

ಮುಚ್ಚಳ ಸರಿಸಿ ಮೊಬೈಲಿನ ಟಾರ್ಚ್ ಬಿಟ್ಟೆ. ನೀರು ತಿಳಿಯಾಗಿತ್ತು. ಆದರೆ ಬೆರಳು ಇಳಿಸಿದರೆ ಮೇಲಿನ ಲೋಳೆ ಇನ್ನೂ ಸ್ವಲ್ಪ ಜಾರುತ್ತಿತ್ತು.

"ಇನ್ನೂ ಇಲ್ಲಬೇ."

"ಹಂಗಾರ ಮುಚ್ಚು. ಮುಟ್ಟಬ್ಯಾಡ."